ಎರಡೂ ಎಡತೋಳು

...ಏನು? ಕೂತ್ಕೊಂಡು ಇಳಿದ್ಯಾ? ಒಂದೊಂದೇ ಮೆಟ್ಟಿಲು, ಕೂತು ಜಾರಿ, ಕೂತು ಜಾರಿ... ಅಂಬೆಗಾಲಿಡೋ ಮಗು ಥರ? ಅದನ್ನ ಬಾಯಿಬಿಟ್ಟು ಹೇಳ್ತೀಯಲ್ಲ, ನಾಚಿಕೆ ಬೇಡ್ವೇನೆ! ಇಳಿದವಳು ಹಿಂದಿನ ಬಾಗಿಲಲ್ಲಾದ್ರೂ ಬರಬಾರದಿತ್ತಾ? ಬೀದಿ ಸುತ್ತಿ, ಆ ಕೋಲು ಟಕ್ ಟಕ್ ಅನ್ನಿಸ್ಕೊಂಡು, ಮುಂದಿನ ಬಾಗಿಲಲ್ಲೇ ಬರಬೇಕಿತ್ತಾ? ಎದುರು ಔಷಧಿ ಅಂಗಡಿಯವನು ಮುಂದೆ ನಿಂತಿದ್ದ ಗಿರಾಕಿ ಬಿಟ್ಟು ನಿನ್ನೇ ನೋಡ್ತಿದ್ದ. ನಾನು ನೋಡಿದೀನಿ.

ಬೇಡ, ಆ ಟೇಬಲ್ ಹಿಡ್ಕೋಬೇಡ, ಅದರ ಕಾಲು ಅಲ್ಲಾಡುತ್ತೆ. ...ಅಲ್ಲಾಡಲ್ವಾ? ಸರಿ ಕಣಮ್ಮ, ಅಲ್ಲಾಡಲ್ಲ. ನನ್ನ ಟೈಲರ್ ಅಂಗಡಿ ಟೇಬಲ್ ಬಗ್ಗೆ ಅಕ್ಕ ನನಗೇ ಹೇಳ್ಕೊಡು.

ಕೂತ್ಕೋ. ಅಲ್ಲಲ್ಲ, ಮಷೀನ್ ಹತ್ರ ಕೂತ್ಕೋ. ಹೊಲಿಗೆಯವರಿಬ್ಬರೂ ಊಟಕ್ಕೆ ಹೋಗಿದಾರೆ, ಅವರು ಬರೋದ್ರೊಳಗೆ ನಿನ್ನನ್ನ ಮಹಡಿ ಮನೆಗೆ ಬಿಟ್ಟು ಬರ್ತೀನಿ. ಬೆನ್ನ ಮೇಲೆ ಹತ್ತು. ಹತ್ತೇ ಅಂದ್ರೆ...

ಯಾಕೆ ಹಾಗೆ ನೋಡ್ತಿದೀಯ?

ಓ. ಗೊತ್ತಾಯ್ತು. ಯಾರು ಊದಿದ್ರು ಕಿವೀಲಿ? ಇಲ್ಲಿ ಗುಂಡಿ-ಕಾಜಾ ಹಾಕೋಳಾ? ಅವಳ ಬಾಯಿಗೆ ಮೊದಲು ಒಂದು ಗುಂಡಿ ಹೊಲೀಬೇಕು. ಹೌದು, ನಾಳೆ ಬೆಳಿಗ್ಗೆ ಹೊಸ ಕಟಿಂಗ್ ಮಾಸ್ಟರ್ ಬರ್ತಾನೆ. ಮಾತು ಕೊಟ್ಟಾಗಿದೆ. ಈ ಟೇಬಲ್ಲು, ಈ ದೊಡ್ಡ ಕತ್ತರಿ, ಎಲ್ಲ ನಾಳೆಯಿಂದ ಅವನ ಕೈಗೆ. ಇದರಲ್ಲಿ ಮುಚ್ಚಿಡೋದೇನಿದೆ? ನಿನಗೆ ಹೇಳಲಿಲ್ಲ, ಯಾಕಂದ್ರೆ ಹೇಳಿದ್ರೆ ಹೀಗೇ ಮೆಟ್ಟಿಲು ಜಾರ್ಕೊಂಡು ಬರ್ತೀಯ ಅಂತ ಗೊತ್ತಿತ್ತು. ಬಂದೆಯಲ್ಲ!

ನಿನ್ನ ಟೇಬಲ್ಲಾ? ಯಾವತ್ತಿಂದ ನಿನ್ನದಾಯ್ತು? ಮರ ತಂದವಳು ನಾನು. ಬಡಗಿ ಹತ್ರ ಜಗಳ ಆಡಿ ಎತ್ತರ ಮಾಡಿಸ್ದವಳು ನಾನು. ನೀನು ಅದರ ಮೇಲೆ ಬಟ್ಟೆ ಹಾಸಿದೆ, ಕತ್ತರಿಸಿದೆ. ಚೆನ್ನಾಗೇ ಕತ್ತರಿಸಿದೆ, ಇಲ್ಲ ಅಂದ್ರೆ ನಾಲಿಗೆ ಬಿದ್ದೋಗ್ಲಿ. ಈ ಬೀದಿಲಿ ನಿನ್ನಂಥ ಕೈ ಇನ್ನೊಂದಿರಲಿಲ್ಲ. ಇರಲಿಲ್ಲ ಅಂದೆ, ಕೇಳಿಸ್ಕೊಂಡ್ಯಾ? *ಇರಲಿಲ್ಲ.*

ಹೇಳು, ಅದೇನು ಹೇಳ್ಬೇಕು ಅಂತ ಬಂದಿದೀಯೋ ಹೇಳು. ಅಷ್ಟು ಕಷ್ಟಪಟ್ಟು ಇಳಿದು ಬಂದಿದೀಯ.

...ಕೂತು ಕತ್ತರಿಸೋಕೆ ಎತ್ತರದ ಕುರ್ಚಿ.

...ಹೂಂ.

...ಇಸ್ತ್ರಿ ಪೆಟ್ಟಿಗೆ ಕಿಟಕಿ ಕಡೆಗೆ. ಯಾಕಂತೆ? ಬಿಸಿ ತಾಕಿದ್ರೆ ನಿನ್ನ ಕಣ್ಣು ಮಂಜಾಗುತ್ತೆ, ಕಾಲು ಹತ್ತಿಯಾಗುತ್ತೆ. ಸರಿಯಮ್ಮ! ಟೈಲರ್ ಅಂಗಡೀಲಿ ಇಸ್ತ್ರಿ ಬಿಸಿಯಾಗಬಾರದು ಅಂದ ಮೊದಲನೇ ಮಹಾತಾಯಿ ನೀನೇ ಇರಬೇಕು. ಇದನ್ನೆಲ್ಲ ಹೇಳಿಕೊಟ್ಟವಳು ಅವಳೇ ತಾನೆ? ಆಸ್ಪತ್ರೆಯಿಂದ ಬರ್ತಾಳಲ್ಲ, ವ್ಯಾಯಾಮದ ಹುಡುಗಿ, ಕಾಲು ಎತ್ತು ಕಾಲು ಇಳಿಸು ಅಂತ? ಒಂದು ಗುಂಡಿ ನೆಟ್ಟಗೆ ಹಾಕೋಕೆ ಬರುತ್ತಾ ಕೇಳು ಅವಳಿಗೆ. ಅಂಗಡಿಗೆ ಬಂದು ಅಲ್ಲಿಂದ ಇಲ್ಲಿಗೆ ಕಣ್ಣು ಹಾಯಿಸಿದ್ದೇ ಹಾಯಿಸಿದ್ದು. ಹಿಂದಿನ ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿ ಅಂದ್ಲು. ಯಾಕಮ್ಮ, ಇದೇನು ಸಿಟಿ ಬಸ್ಸಾ, ಜೋತಾಡ್ಕೊಂಡು ಹೋಗೋಕೆ ಅಂದೆ. ನಕ್ಕಳು. ನಾನು ನಗಿಸೋಕೆ ಹೇಳಿರಲಿಲ್ಲ.

ಇನ್ನೇನಂದ್ಲು? ಹಾಂ, ಅದನ್ನ ಹೇಳು ಮತ್ತೆ. ಅದು ನನಗೆ ಬಹಳ ಇಷ್ಟ. ಸುಸ್ತಾಗೋ ಮುಂಚೆ ನಿಲ್ಲಿಸ್ಬೇಕಂತೆ! ಸುಸ್ತಾದ ಮೇಲಲ್ಲ, ಮುಂಚೆ! ಒಂದಿಷ್ಟು ಕೆಲಸ, ಒಂದಿಷ್ಟು ಕೂರೋದು, ಮತ್ತೆ ಒಂದಿಷ್ಟು ಕೆಲಸ. ಸುಸ್ತಾಗೋ ಮುಂಚೆ ನಿಲ್ಲಿಸಿದ್ರೆ ಈ ಅಂಗಡಿ ಆಗ್ತಿತ್ತೇನೆ? ಅಮ್ಮ ಹೋದಾಗ ನೀನು ನನ್ನ ಸೊಂಟದ ಮೇಲಿದ್ದೆ. ಯಾರದೋ ಮನೆ ಮೆಟ್ಟಿಲ ಕೆಳಗೆ ಒಂದು ಹಳೇ ಮಷೀನ್, ತಲೆ ಎತ್ತಿದ್ರೆ ಮೆಟ್ಟಿಲು ತಾಕೋದು. ಒಂದು ಕಾಲಲ್ಲಿ ಪೆಡಲು, ಇನ್ನೊಂದು ಕಾಲಲ್ಲಿ ನಿನ್ನ ತೊಟ್ಟಿಲು. ಸುಸ್ತು ಅನ್ನೋ ಮಾತು ಬಾಯಿಗೆ ಬಂದ್ರೆ ನುಂಗ್ತಿದ್ದೆ. ನುಂಗಿ ನುಂಗಿ ಹೊಟ್ಟೆ ತುಂಬಿಸ್ಕೊಂಡವಳು ನಾನು. ಈಗ ಇವಳು ಬಂದು ಸುಸ್ತನ್ನ ಅಳೆದು ಕೊಡ್ತಾಳಂತೆ, ಟೇಪು ಹಿಡ್ಕೊಂಡು!

ನಿನಗೆ ಬೇರೆ, ನನಗೆ ಬೇರೆ ಅಂತೀಯಾ? ಗೊತ್ತು. ನಿನ್ನ ಸುಸ್ತು ನನ್ನ ಸುಸ್ತಲ್ಲ, ಗೊತ್ತು ಕಣೇ. ಡಾಕ್ಟರು ಹೇಳಿದಾಗ ನಾನೂ ಪಕ್ಕದಲ್ಲೇ ಕೂತಿದ್ದೆ. ಮಲ್ಟಿಪಲ್ ಸ್ಕ್ಲೆರೋಸಿಸ್. ನಾಲಿಗೆ ಮಡಚಿ ಮಡಚಿ ನಾನು ಆ ಹೆಸರು ಕಲಿತೆ, ನೀನಿನ್ನೂ ಎಂ.ಎಸ್. ಅಂತ ಮೋಟು ಮಾಡ್ತೀಯ. ನರದ ಮೇಲಿನ ಹೊದಿಕೆಯನ್ನ ಮೈಯೇ ಕಿತ್ತು ಹಾಕುತ್ತೆ ಅಂದ್ರು. ನನಗೆ ಒಂದೇ ಮಾತಿಗೆ ಅರ್ಥವಾಯ್ತು. ಲೈನಿಂಗ್ ಹರಿದ ಕೋಟು. ಹೊರಗಿಂದ ನೋಡಿದ್ರೆ ಠಾಕುಠೀಕು. ಕೈ ತೂರಿಸಿದ್ರೆ ಗೊತ್ತಾಗುತ್ತೆ, ಒಳಗೆ ಎಲ್ಲೆಲ್ಲೋ ಸಿಕ್ಕಿಹಾಕ್ಕೊಳ್ಳುತ್ತೆ. ಅದಕ್ಕೇ ನೋಡಿದವರಿಗೆ ನಿನ್ನ ಕಾಯಿಲೆ ಕಾಣಲ್ಲ. ಬೆಳಿಗ್ಗೆ ಸಿಂಹಿಣಿ, ಮಧ್ಯಾಹ್ನಕ್ಕೆ ಹಿಂಡಿದ ಬಟ್ಟೆ. ಇವತ್ತು ನಡೆದ್ಲು, ನಾಳೆ ಏಳಲಿಲ್ಲ. 'ನಾಟಕ' ಅಂದ್ರಲ್ಲ ಜನ! ಅಂದವರಿಗೆ ಉತ್ತರ ಕೊಟ್ಟವಳು ಯಾರು? ನಿಂತು ಜಗಳ ಆಡಿದವಳು ಯಾರು? ನೀನಾ?

ಆ ಕಾಯಿಲೆ ಬಗ್ಗೆ ನಾನು ಓದಿಲ್ಲ ಅಂದುಕೊಂಡ್ಯಾ? ನಾನೂ ಓದಿದೀನಿ. ನನಗೆ ಯಾವ ಮೇಷ್ಟ್ರೂ ಕೈ ಹಿಡಿದು ತಿದ್ದಿಸಲಿಲ್ಲ. ಅಳತೆಗೆ ಅಂತ ಹಳೇ ಪೇಪರ್ ಕತ್ತರಿಸ್ತೀವಲ್ಲ, ಅದರಲ್ಲಿ ಕಲಿತೆ. ಕಾಲರಿನ ಪೇಪರಲ್ಲಿ ಒಂದು ಸಾಲು, ತೋಳಿನ ಪೇಪರಲ್ಲಿ ಅರ್ಧ ಕಥೆ. ಕಂಕುಳ ಹತ್ರ ಬರೋ ಹೊತ್ತಿಗೆ ಕಥೆ ಖಲಾಸ್. ಕಥೆಯ ಹುಡುಗಿ ಮನೆ ಬಿಟ್ಟು ಹೋದ್ಲೋ, ವಾಪಸ್ ಬಂದ್ಲೋ, ಕತ್ತರಿಗೇ ಗೊತ್ತು. ಉಳಿದದ್ದನ್ನ ನಾನೇ ಕಟ್ಕೋತಿದ್ದೆ. ಹಾಗೆ ಓದಿ ಓದಿ ಇವತ್ತು ಎಷ್ಟು ದಪ್ಪದ ಪುಸ್ತಕ ಕೊಟ್ಟರೂ...

ಏನಂದೆ?

ಇನ್ನೊಂದು ಸಲ ಹೇಳು.

ಈಗ್ಲೂ ಹಾಗೇ ಓದ್ತೀನಿ ಅಂತೀಯಾ? ಅರ್ಧ ಓದಿ, ಉಳಿದದ್ದು ನಾನೇ ಕಟ್ಕೋತೀನಿ ಅಂತೀಯಾ? ಭಲೇ! ನಾಲಿಗೆಗೆ ಮಾತ್ರ ಯಾವ ಕಾಯಿಲೆನೂ ಬಂದಿಲ್ಲ. ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ 'ವಿಶ್ರಾಂತಿ ಬೇಕು' ಅಂತ ಬರೆದಿತ್ತು, ಓದಿದೆ, ನಿನ್ನ ಮಲಗಿಸ್ದೆ. ಅದರ ಕೆಳಗೆ 'ಇಷ್ಟವಾದ ಕೆಲಸ ಬಿಡಬಾರದು, ಜನರ ಜೊತೆ ಇರಬೇಕು' ಅಂತಾನೂ ಇತ್ತು. ಅದನ್ನೂ ಓದಿದೆ. ನಂಬಲಿಲ್ಲ, ಅಷ್ಟೆ. ಪುಸ್ತಕ ಬರೆದವನು ನೀನು ಬಿದ್ದದ್ದನ್ನ ನೋಡಿಲ್ಲ. ನಾನು ನೋಡಿದೀನಿ. ಇಲ್ಲೇ, ಈ ಟೇಬಲ್ಲಿನ ಈ ಮೂಲೇಲಿ, ಕೈಲಿ ಕತ್ತರಿ ಬಾಯಿ ತೆರ್ಕೊಂಡಿತ್ತು. ಇಷ್ಟೇ ಇಷ್ಟು ಆಚೆ ಬಿದ್ದಿದ್ರೆ... ನನಗೆ ಹೇಳ್ಬೇಡ. ಆ ಸದ್ದು ಇನ್ನೂ ನನ್ನ ಕಿವೀಲಿದೆ.

ಅದಕ್ಕೇ ಕುರ್ಚಿ? ಕೂತವಳು ಬೀಳಲ್ಲ? ಆಹಾ. ಕೂತು ಬಟ್ಟೆ ಕತ್ತರಿಸ್ದವರನ್ನ ಎಲ್ಲಾದ್ರೂ ನೋಡಿದೀಯಾ? ಕಟಿಂಗ್ ಮಾಸ್ಟರ್ ಅಂದ್ರೆ ನಿಲ್ಲಬೇಕು. ಮೈಭಾರ ಕತ್ತರಿಗೆ ಇಳೀಬೇಕು. ಕೂತು ಕತ್ತರಿಸ್ದ ಬಟ್ಟೆ ಸೊಟ್ಟ. ಗಿರಾಕಿ ಒಳಗೆ ಬಂದ, ನೋಡ್ದ, ಕತ್ತರಿಸೋಳು ಕೂತಿದಾಳೆ, ಪಕ್ಕದಲ್ಲಿ ಕೋಲು. ಬಟ್ಟೆ ಕೊಡ್ತಾನಾ? ಕಂಕುಳಲ್ಲಿಟ್ಕೊಂಡು ಆಚೆ ಅಂಗಡಿಗೆ ಹೋಗ್ತಾನೆ.

ಆ ಕೋಲನ್ನ ಮೊದಲು ಆ ಕಡೆ ಇಡು. ಟೇಬಲ್ ಮೇಲೆ ಇಡಬೇಡ! ನಮ್ಮ ಮನೇಲಿ ಯಾರೂ ಕೋಲು ಹಿಡಿದವರಲ್ಲ. ಅಜ್ಜಿ ನೆಟ್ಟಗೆ ನಡ್ಕೊಂಡೇ ಹೋದ್ಲು. ನನ್ನ ಬೆನ್ನಿರೋವಾಗ ನಿನಗೆ ಕೋಲ್ಯಾಕೆ? ಇಷ್ಟು ದಿನ ಇಳಿಸ್ದೆ, ಹತ್ತಿಸ್ದೆ, ಆಸ್ಪತ್ರೆಗೆ ಹೊತ್ತೆ. ಸ್ನಾನ ಮಾಡಿಸ್ದೆ. ತಲೆ ಬಾಚಿದೆ. ಚಮಚ ಕೂಡ ಕೈಗೆ ಕೊಡಲಿಲ್ಲ, ನಾನೇ ತಿನ್ನಿಸ್ದೆ. ಹೂವಿನ ಹಾಗೆ ಇಟ್ಕೊಂಡೆ. ಸಾಲದಾಯ್ತಾ ನನ್ನ ಬೆನ್ನು?

...ಬೆನ್ನ ಮೇಲಿಂದ ನನ್ನ ತುರುಬು ಬಿಟ್ರೆ ಏನೂ ಕಾಣಲ್ಲ ಅಂತೀಯಾ?

ನೋಡು. ನೋಡು ಈ ಮಾತು. ಉಪಕಾರ ಮಾಡಿದವಳ ಕತ್ತಿಗೇ ಟೇಪು ಸುತ್ತು. ಚಮಚ ಹಿಡಿಯೋಕೆ ನಿನಗೆ ಬರ್ತಿತ್ತಾ? ಬರ್ತಿತ್ತು, ನಿಧಾನವಾಗಿ ಬರ್ತಿತ್ತು ಅಂತೀಯಾ? ನಿಧಾನ! ಎದುರಿಗೆ ಕೂತು ನೋಡೋಳಿಗೆ ಗೊತ್ತು ಅದು ಎಷ್ಟು ನಿಧಾನ ಅಂತ. ತುತ್ತು ಬಾಯಿ ಹತ್ರ ಬರುತ್ತೆ, ಕೈ ನಡುಗುತ್ತೆ, ಮತ್ತೆ ತಟ್ಟೆಗೆ ಹೋಗುತ್ತೆ. ನನ್ನ ಕೈ ಸುಮ್ಮನಿರಲ್ಲ. ಸುಮ್ಮನಿರೋ ಕೈ ಅಲ್ಲ ಇದು, ಏನ್ ಮಾಡ್ಲಿ? ಕಿತ್ಕೊಂಡು ತಿನ್ನಿಸ್ದೆ. ತಪ್ಪಾ?

ಅಳ್ತಿದೀಯಾ? ...ಇಲ್ವಾ? ಒಳ್ಳೇದು. ಅತ್ತರೆ ನನಗೆ ಆಗಲ್ಲ.

ಅಷ್ಟಕ್ಕೂ ನಿನಗೆ ಕೆಲಸ ಇಲ್ಲ ಅಂತ ಯಾರಂದ್ರು? ಕೆಲಸ ಕಿತ್ಕೊಂಡಿದೀನಾ ನಾನು? ಸ್ಕೂಲಿನ ಯೂನಿಫಾರ್ಮ್ ಅಷ್ಟೂ ನಿನ್ನ ಕೈಯಲ್ಲೇ ತಾನೆ ಕತ್ತರಿಸಿದ್ದು? ಬಿಳೀ ಬಟ್ಟೆ ಥಾನಿನ ಸುರುಳಿಯಿಂದ ತೆಗೆದು ಮೇಲಕ್ಕೆ ಕಳಿಸ್ತೀನಿ, ನೀನು ಮಂಚದ ಮೇಲೆ ಹಲಗೆ ಇಟ್ಕೊಂಡು ಕತ್ತರಿಸ್ತೀಯ, ಗಂಟು ಕಟ್ತೀಯ, ನಾನು ಕೆಳಗೆ ತರ್ತೀನಿ, ಹೊಲಿಸ್ತೀನಿ. ಮನೇಲಿ ಕೂತು ಮಹಾರಾಣಿ ಥರ. ಇಸ್ತ್ರಿ ಬಿಸಿ ಇಲ್ಲ, ಗಿರಾಕಿ ಕಾಟ ಇಲ್ಲ. ಇನ್ನೇನು ಬೇಕಿತ್ತು?

ಹೊಲಿಸಿದೆ ಅಂದ್ನಲ್ಲ. ಎಲ್ಲ ಹೊಲಿಸಿದೆ. ಆ ಸ್ಕೂಲಿನ ಹೆಡ್ ಮೇಡಂ ನಿನ್ನೆ ತಾನೇ ಬಂದಿದ್ರು, ನಿನಗೆ ಹೇಳ್ಲಿಲ್ವಾ ನಾನು? 'ತಂಗಿ ಕೈ ಇನ್ನೂ ಹಾಗೇ ಇದೆ' ಅಂದ್ರು. 'ಅದರಲ್ಲೂ ತೋಳು! ತೋಳು ಎಷ್ಟು ಚೆನ್ನಾಗಿ ಕೂತಿದೆ ನೋಡಿ' ಅಂದ್ರು. ನಾನು ಮಾತು ಸೇರಿಸ್ತಿಲ್ಲ. ಮಕ್ಕಳೆಲ್ಲ ಸಾಲಾಗಿ ನಿಂತರೆ ನೋಡೋಕೆ ಎರಡು ಕಣ್ಣು ಸಾಲದಂತೆ...

ಯಾಕೆ ನಗ್ತೀಯ?

ಯಾಕೆ ನಗ್ತಿದೀಯ ಅಂತ. ನಗೋಂಥದ್ದು ಏನು ಹೇಳಿದೆ?

ಯಾವ ಗಂಟು? ಕೊನೇ ಗಂಟಾ? ಹೂಂ, ಅದೇ. ಅದರ ತೋಳನ್ನೇ ಅವರು ಹೊಗಳಿದ್ದು. ಹೌದು, ನೂರು ಸಲ ಹೌದು. ಅದರಲ್ಲೇನಿತ್ತು?

...

ಏನು?

ಎರಡೂ?

ಬಟ್ಟೆ ಮಡಿಸದೆ? ತೋಳನ್ನ? ಏ, ಹುಚ್ಚೀ, ತೋಳು ಕತ್ತರಿಸೋವಾಗ ಬಟ್ಟೆ ಮಡಿಸಲೇಬೇಕು. ಮುಂದಿನ ಕಡೆ ಕಂಕುಳು ಒಂಚೂರು ಜಾಸ್ತಿ ತೋಡಿರುತ್ತೆ, ಹಿಂದಿನ ಕಡೆ ಕಡಿಮೆ. ಮಡಿಸಿ ಕತ್ತರಿಸಿದ್ರೆ ಎಡ ಬಲ ಜೋಡಿ ಬರುತ್ತೆ. ಬಿಡಿಬಿಡಿಯಾಗಿ ಒಂದೇ ಮಗ್ಗುಲಲ್ಲಿ ಕತ್ತರಿಸಿದ್ರೆ ಎರಡೂ ಎಡತೋಳೇ, ಈ ಬಟ್ಟೆಗೆ ಹೊಳಪು ಒಂದೇ ಕಡೆ, ಮಗುಚಿ ಹಾಕೋಕೂ ಆಗಲ್ಲ! ಹೊಲಿದು ಹಾಕ್ಕೊಂಡ್ರೆ ಬಲಗೈ ಎತ್ತಿದ ತಕ್ಷಣ ಶರ್ಟು ಗರ ಗರ ತಿರುಗುತ್ತೆ. ಇದು ನಿನಗೆ ಗೊತ್ತಿಲ್ವಾ? ಲಂಗ ಹಾಕೋ ವಯಸ್ಸಿಂದ ಗೊತ್ತು ನಿನಗೆ! ಹೇಗೆ ತಪ್ಪು ಮಾಡ್ದೆ?

...ತಪ್ಪಲ್ಲ?

ಬೇಕು ಬೇಕು ಅಂತ. ಇಡೀ ಗಂಟು. ಎಲ್ಲ ಶರ್ಟಿಗೂ ಎರಡೆರಡು ಎಡತೋಳು.

ಅಂದ್ರೆ ನನ್ನ ಪರೀಕ್ಷೆ ಮಾಡ್ದೆ. ನಿನ್ನನ್ನ ಸೊಂಟದ ಮೇಲೆ ಹೊತ್ತು ಸಾಕಿದವಳನ್ನ, ನನ್ನನ್ನ, ಪರೀಕ್ಷೆ! ನಗು, ನಗು. ಆ ಕ್ಲಾಸಿನಲ್ಲಿ ಯಾವ ಹುಡುಗನಿಗೂ ಬಲಗೈ ಇಲ್ವಾ ಅಂತ ಕೇಳ್ತೀಯಾ? ತಮಾಷೆ! ನೋಡು, ಅದು... ಅದನ್ನ ನಾನು ಸರಿ ಮಾಡಿಸ್ದೆ. ಗಂಟು ಬಿಚ್ಚಿದ ಕೂಡಲೇ ಕಣ್ಣಿಗೆ ಬಿತ್ತು, ಹೊಸ ಬಟ್ಟೆ ತೆಗೆದೆ, ಬಲತೋಳು ನಾನೇ ಕತ್ತರಿಸ್ದೆ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಪಾಪ, ಕೈ ತಪ್ಪಿದೆ ಅಂದುಕೊಂಡೆ. ಅಷ್ಟೆ. ಮುಗೀತು. ಏಳು ಈಗ, ಮೇಲೆ ಹೋಗೋಣ.

ಎಲ್ಲಿಗೆ ಹೋಗ್ತಿದೀಯ?

ಆ ಕಪಾಟಿಗೆ ಕೈ ಹಾಕ್ಬೇಡ. ಹೇಳ್ತಿದೀನಿ. ಅಲ್ಲಿ ಬರೀ ಹಳೇ ಚೂರು. ಬಾಗಬೇಡ, ತಲೆ ತಿರುಗುತ್ತೆ! ಆ ಬಾಗಿಲು ಬಿಗಿ, ನಿನ್ನ ಕೈಲಿ ಆಗಲ್ಲ... ಕೋಲು ಯಾಕೆ ತೂರಿಸ್ತೀಯ ಅಲ್ಲಿ... ಬಿಡೇ... ಬಿಡು ಅಂದೆ!

...

ಬಿದ್ವಲ್ಲ. ಸಮಾಧಾನ ಆಯ್ತಾ? ಎಲ್ಲ ನೆಲದ ಮೇಲೆ. ಬಿಳೀ ಬಟ್ಟೆ, ನೆಲದ ಮೇಲೆ.

ಹೌದು. ನಿನ್ನ ಗಂಟುಗಳೇ. ಎಷ್ಟು ಕಳಿಸಿದ್ಯೋ ಅಷ್ಟೂ ಇದೆ. ಏನಿವಾಗ? ನನ್ನ ಥಾನು, ನನ್ನ ಬಟ್ಟೆ. ಹೊಲಿಸ್ತೀನಿ, ಬಿಡ್ತೀನಿ, ನನ್ನಿಷ್ಟ. ಸತ್ಯ ಬೇಕಾ ನಿನಗೆ? ತಗೋ ಸತ್ಯ. ಕೆಟ್ಟಿದ್ವು! ಎಲ್ಲ ಕೆಟ್ಟಿದ್ವು. ನಡುಗೋ ಕೈ, ಮಂಜುಗಣ್ಣು, ಮಂಚದ ಮೇಲಿನ ಹಲಗೆ... ಎಂಥ ಕಟಿಂಗ್ ಬರುತ್ತೆ? ಅಂಚೆಲ್ಲ ಇಲಿ ತಿಂದ ಹಾಗೆ. ಕಾಲರ್ ಒಂದು ಕಡೆ ನಾಲಿಗೆ, ಇನ್ನೊಂದು ಕಡೆ ಕಿವಿ. ನಿನ್ನ ಮುಖಕ್ಕೆ ಹೇಳೋಕೆ ಮನಸ್ಸು ಬರಲಿಲ್ಲ. ಒಳ್ಳೇ ಮಾತು ಹೇಳಿ ಒಳಗಿಟ್ಟೆ. ತಂಗಿ ಖುಷಿಯಾಗಿರಲಿ ಅಂತ ಅಷ್ಟು ಬಟ್ಟೆ ಹಾಳು ಮಾಡ್ಕೊಂಡೆ. ಯಾರು ಮಾಡ್ತಾರೆ ಈ ಕಾಲದಲ್ಲಿ? ಅದಕ್ಕೇ ಮಾಸ್ಟರನ್ನ ಕರೆದದ್ದು. ನಿನ್ನ ಕೈ ಮುಗೀತು ಕಣೇ. ಮುಗೀತು! ಹೇಳಬಾರದು ಅಂತಿದ್ದೆ, ನೀನೇ ಹೇಳಿಸ್ದೆ.

...



ಬೈಯಿ ಬೇಕಾದ್ರೆ.

ಅದೇನು ನೋಡ್ತಿದೀಯ ಅಲ್ಲಿ? ಗಂಟೇನು ಹೊಸದಾ? ನೀನೇ ಕಟ್ಟಿದ್ದು. ಬಟ್ಟೆ ಅಂಚಿನ ಪಟ್ಟಿ ಹರಿದು, ಎರಡು ಸುತ್ತು ಸುತ್ತಿ, ಬೆರಳಿಗೆ ಹಿಡಿತ ಸಾಲದೆ ತುದೀನ ಹಲ್ಲಲ್ಲಿ ಕಚ್ಚಿ ಎಳೆದು... ಅದರ ತುದಿ ಚಪ್ಪಟೆಯಾಗಿದೆ, ನಿನ್ನ ಹಲ್ಲಿನ ಗುರುತು. ಹಾಗೆ ಗಂಟು ಹಾಕೋರು ಬೇರೆ ಯಾರಿದಾರೆ ಇಲ್ಲಿ...

...

ನನ್ನ ಮುಖ ನೋಡಬೇಡ.

ಬಿಚ್ಚಿ ಮತ್ತೆ ಕಟ್ಟಿದೆ. ಹಾಗೇ ಕಟ್ಟಿದೆ. ನನಗೂ ಹಲ್ಲಿದೆ.

...

ನೋಡಬೇಡ ಅಂದೆ!

...ಸರಿ. ಬಿಚ್ಚಲಿಲ್ಲ. ಒಂದನ್ನೂ ಬಿಚ್ಚಲಿಲ್ಲ. ಸಾಕಾ? ಮೇಲಿಂದ ತಂದೆ, ಕಪಾಟು ತೆಗೆದೆ, ಒಳಗೆ ಹಾಕಿದೆ, ಬಾಗಿಲು ಒತ್ತಿದೆ. ಯೂನಿಫಾರ್ಮ್ ನಾನೇ ಕತ್ತರಿಸ್ದೆ, ನಿಂತು, ಈ ಟೇಬಲ್ ಮೇಲೆ. ಹೆಡ್ ಮೇಡಂ ಬಂದಿದ್ದು ನಿಜ. ಹೊಗಳೋಕಲ್ಲ. ಮಕ್ಕಳ ಕತ್ತು ಕುಯ್ಯುತ್ತೆ ನಿಮ್ಮ ಕಾಲರು, ಯಾರಮ್ಮ ಕತ್ತರಿಸಿದ್ದು ಅಂತ ಹೊಲಿಗೆಯವರ ಮುಂದೆ ಕೇಳಿದ್ರು. ನಾನೇನೂ ಹೇಳಲಿಲ್ಲ. ಅವರು ನಿನ್ನ ಕೈ ಅಂದುಕೊಂಡು ಹೋದ್ರು. 'ಪಾಪ, ಕಾಯಿಲೆ' ಅಂದ್ರು. ಹೌದು, ಸುಮ್ಮನಿದ್ದೆ! ಈ ಅಂಗಡಿ ಕಟ್ಟಿದವಳಿಗೆ ಕಟಿಂಗ್ ಬರಲ್ಲ ಅಂತ ಹೇಳಬೇಕಿತ್ತಾ? ನನಗೆ ಯಾವತ್ತು ಬರ್ತಿತ್ತು ಕಟಿಂಗ್? ನಾನು ಹೊಲಿಯೋಳು. ಕತ್ತರಿ ಯಾವತ್ತೂ ನಿನ್ನದೇ.

ಯಾಕೆ ಬಿಚ್ಚಲಿಲ್ಲ?

ನೀನು ಕೇಳಲಿಲ್ಲ, ಗೊತ್ತು. ಆದ್ರೆ ಕೇಳ್ತಿದೀಯ. ಆ ಥರ ನಿಂತ್ಕೊಂಡು, ಕೋಲಿನ ಮೇಲೆ ಗಲ್ಲ ಊರಿಕೊಂಡು ಕೇಳ್ತಿದೀಯ.

ಬಿಚ್ಚಿ ನೋಡಿ ಅದು ಇಲಿ ತಿಂದ ಹಾಗೇ ಇದ್ದಿದ್ರೆ? ಆವಾಗ ನಾನು ಕಣ್ಣಾರೆ ನೋಡ್ದ ಹಾಗಾಗ್ತಿತ್ತು. ಈ ಕೈ ಹೋಯ್ತು ಅಂತ. ಬಿಚ್ಚದೇ ಇದ್ರೆ ಹೋಗಿಲ್ಲ. ಗಂಟೊಳಗೆ ಇನ್ನೂ ಇದೆ. ಪ್ರತಿಸಲ ಮೇಲಿಂದ ತರೋವಾಗ ಎದೆ ಹತ್ರ ಹಿಡ್ಕೊಂಡು ಬರ್ತಿದ್ದೆ... ಏ, ಇದನ್ನೆಲ್ಲ ಯಾಕೆ ಹೇಳ್ತಿದೀನಿ ನಿನಗೆ? ನಾನು ಯಾರಿಗೂ ಹೆದರೋಳಲ್ಲ. ಮನೆ ಮಾಲೀಕ ಬೀದಿಗೆ ಸಾಮಾನು ಹಾಕಿದಾಗ ಹೆದರಲಿಲ್ಲ. ಮೊಳದುದ್ದ ಬಟ್ಟೆ ಗಂಟಿಗೆ ಹೆದರ್ತೀನಾ?

ಕೊಡು ಇಲ್ಲಿ. ಯಾವುದಾದ್ರೂ ಕೊಡು. ಆ ಎಡತೋಳಿನದು ಬೇಡ, ಅದು ನಿನ್ನ ಕೊಬ್ಬು. ಮೊದಲನೇದು ಕೊಡು.

ಬರ್ತಿಲ್ಲ. ಎಂಥ ಹಲ್ಲೇ ನಿಂದು... ಹಾಂ.

ದೂರ ನಿಂತ್ಕೋ, ಬೆಳಕಿಗೆ ಅಡ್ಡ ಬರ್ತೀಯ.

...ಇದು ಮುಂಭಾಗ. ಇದು ಬೆನ್ನು. ಇದು ಕಾಲರಿಗೆ. ಟೇಪೆಲ್ಲಿ? ...ಹೂಂ. ಭುಜ ಸರಿ ಇದೆ. ಭುಜ ಒಂದು ಸರಿ ಇದ್ರೆ ಏನಾಯ್ತು, ಕತ್ತು ನೋಡೋಣ. ಕತ್ತು... ಕತ್ತೂ ಸರಿ ಇದೆ. ನಗಬೇಡ. ಇನ್ನೂ ಮುಗಿದಿಲ್ಲ. ಕಂಕುಳ ತಿರುವು. ಅಲ್ಲಿ ಸಿಕ್ತೀಯ ನೀನು. ಅಲ್ಲಿ ಎಂಥೆಂಥ ಮಾಸ್ಟರುಗಳೂ...

ಇಲ್ಲಿ! ಇಲ್ಲಿ ನೋಡು! ಸಿಕ್ಕಿತಾ? ಅಂಚು ಒಡೆದಿದೆ. ಒಂದು ಸಣ್ಣ ಮೆಟ್ಟಿಲ ಹಾಗೆ. ಕತ್ತರಿ ಓಟ ನಿಂತಿದೆ. ಇಲ್ಲೂ ಇದೆ. ಅಲ್ಲಿಂದ ಇಷ್ಟು ದೂರಕ್ಕೆ ಇನ್ನೊಂದು. ನಾನು ಹೇಳಲಿಲ್ವಾ! ಒಂದೇ ಓಟದಲ್ಲಿ ಹೋಗ್ತಿದ್ದ ಕೈ ನಿಂದು, ಬಟ್ಟೆ ನೀರಿನ ಹಾಗೆ ಬಿಟ್ಕೊಳ್ಳೋದು. ಇದೇನಿದು, ಹೆಜ್ಜೆ ಹೆಜ್ಜೆಗೂ...

...

ಇಲ್ಲಿ ನಿಲ್ಲಿಸಿದೀಯ.

ಕತ್ತರಿ ಕೆಳಗಿಟ್ಟು, ಕೂತು, ಮತ್ತೆ ತಗೊಂಡಿದೀಯ. ಅದೇ ಗೆರೆ ಮೇಲೆ. ಗೆರೆ ಬಿಟ್ಟಿಲ್ಲ. ಇಲ್ಲಿ ಮತ್ತೆ ಇಟ್ಟಿದೀಯ. ಕೈ ನಡುಗೋ ಮುಂಚೆ ಇಟ್ಟಿದೀಯ, ನಡುಗಿದ ಮೇಲಲ್ಲ. ನಡುಗಿದ ಮೇಲಾಗಿದ್ರೆ ಗೆರೆ ದಾಟ್ತಿತ್ತು. ಒಂದು ಶರ್ಟಿಗೆ ಎಷ್ಟು ಸಲ ನಿಂತಿದೀಯೇ, ಸಣ್ಣೋಳೇ? ಒಬ್ಬಳೇ, ಮೇಲೆ, ಆ ಕೋಣೇಲಿ... ನಾನು ಇಲ್ಲಿ ಕೆಳಗೆ ಮಷೀನ್ ತುಳೀತಾ...

ಬೇರೆ ಗಂಟು ಕೊಡು. ...ಇದೂ ಹಾಗೇ. ಇದೂ.

ಏನಂತ ನೋಡ್ತಿದೀಯ ನನ್ನ? ಮೆಚ್ಚಿ ಕೈ ಮುಗೀಬೇಕಾ? ಅಂಚು ಒಡೆದಿದೆ ಅಂದೆ, ಒಡೆದಿದೆ, ನಾನು ಅಂದ ಮಾತು ವಾಪಸ್ ತಗೊಳ್ಳೋಳಲ್ಲ. ಆದ್ರೆ... ಹೊಲಿಗೆಗೆ ಅಂತ ಬಿಟ್ಟಿರೋ ಜಾಗದಲ್ಲೇ ಇದೆ ಎಲ್ಲ. ಎರಡು ತುಂಡು ಸೇರಿಸಿ ಮಷೀನ್ ಓಡಿಸಿದ್ರೆ ಒಳಗೆ ಹೋಗುತ್ತೆ. ತಿರುಗಿಸಿ ಹಾಕ್ಕೊಂಡವನಿಗೂ ಗೊತ್ತಾಗಲ್ಲ.

ಸುಮ್ಮನೆ ನಿಂತಿರಬೇಡ, ಹೋಗಿ ಟೇಬಲ್ ಹತ್ರ ಕೂತ್ಕೋ. ...ನಾನು ಎತ್ತಲ್ಲ. ಮುಟ್ಟೋದೂ ಇಲ್ಲ, ನೋಡು, ಕೈ ಹಿಂದೆ ಕಟ್ಕೊಂಡಿದೀನಿ. ನೀನೇ ನಡಿ. ನಿಧಾನ... ನಿಧಾನ ಅಂದೆ! ...ಹೂಂ.

ನಾಳೆ ಬೆಳಿಗ್ಗೆ ಆ ಮಾಸ್ಟರ್ ಬರ್ತಾನಲ್ಲ. ಕೊಟ್ಟ ಮಾತಿಗೆ ತಪ್ಪಿದವಳಲ್ಲ ನಾನು, 'ಕೆಲಸ ಖಾಲಿ ಇಲ್ಲ' ಅನ್ನೋದು ನನ್ನ ಬಾಯಲ್ಲಿ ಬರಲ್ಲ. ಅವನಿಗೆ ನೀನೇ ಹೇಳು. ಇಲ್ಲೇ, ಈ ಟೇಬಲ್ ಮುಂದೆ ಕೂತ್ಕೊಂಡು ಹೇಳು.